ಹೊಗಳಿಕೆಯಿಲ್ಲದ ಜೋಗುಳ

ಹುಮನಾಬಾದಿನ ಮಗಳ ಮನೆಗೆ ಹೋದಾಗಲೆಲ್ಲ ಮಧ್ಯಾಹ್ನದ ಊಟವಾದ ಮೇಲೆ ನನಗೊಂದು ಪರೀಕ್ಷೆ ಕಾದಿರುತ್ತದೆ. ಮಗಳು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಅವನ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಮೊಬೈಲ್ ತಿಕ್ಕುತ್ತ ನನ್ನ ಕಡೆ ನೋಡುತ್ತಾಳೆ.

“ಅವ್ವಾ, ಇದ್ರಾಗ ನೂರಾರು ಜೋಗುಳ ಅದಾವ ನೋಡು. ಯಾವುದು ಹಾಕ್ಲಿ? ಇಲ್ಲಾಂದ್ರ ನೀನೇ ಒಂದು ಹಾಡಬಾರದಾ?”

“ನನ್ನ ದನಿ ಕೇಳಿದ್ರ ಬಂದ ನಿದ್ದೀನೂ ಬಾಗಿಲು ದಾಟಿ ಓಡ್ತದ. ನೀನೇ ಹಾಕು.”

ಹೀಗೆಂದು ನಾನು ಮಾಳಿಗೆ ಹತ್ತಿ, ಒಣಗಿದ ಬಟ್ಟೆಗಳನ್ನೇ ಮತ್ತೆ ಮತ್ತೆ ಝಾಡಿಸುತ್ತ ನಿಲ್ಲುತ್ತೇನೆ. ಅವಳು ಇದನ್ನು ನನ್ನ ಬಿಂಕ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ. ಅವಳು ಕೂಸಾಗಿದ್ದಾಗಲೂ ನಾನು ಹಾಡಿದವಳಲ್ಲ. ತೊಟ್ಟಿಲ ಹಗ್ಗ ನನ್ನ ಕೈಯಲ್ಲಿರುತ್ತಿತ್ತು, ಹಾಡು ನನ್ನ ಅತ್ತೆಯ ಬಾಯಲ್ಲಿ. ಐವತ್ತು ದಾಟಿದ ಹೆಂಗಸು, ನಾಲ್ಕು ಮಂದಿ ಪಂಚರ ಎದುರು ಗಂಡನ ಅಣ್ಣಂದಿರನ್ನು ತರಾಟೆಗೆ ತೆಗೆದುಕೊಂಡವಳು, ಒಂದು ಜೋಗುಳಕ್ಕೆ ಅಂಜುತ್ತೇನೆ ಎಂದರೆ ಯಾರು ನಂಬುತ್ತಾರೆ? ನಂಬಲಿ, ಬಿಡಲಿ. ಅದು ಹೇಗೆ ಶುರುವಾಯಿತೆಂದು ಹೇಳಿಬಿಡುತ್ತೇನೆ.

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯೊಂದರಲ್ಲಿ ನಮ್ಮದು ಎರಡು ಖೋಲಿಯ ಮನೆ. ಮಣ್ಣಿನ ಮಾಳಿಗೆ, ಬೆಳಕಿಗೆ ಒಂದೇ ಬೆಳಕಿಂಡಿ. ಮುಂದಿನದು ಪಡಸಾಲೆ, ಅಲ್ಲಿ ಆಯಿಯ ಕೌದಿ, ನೀರಿನ ಹರವಿ, ಜೋಳದ ಚೀಲ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಒಳಗಿನ ಖೋಲಿ ಅಡುಗೆಗೂ ಅದೇ, ಮಲಗುವುದಕ್ಕೂ ಅದೇ. ಅಲ್ಲಿ ತೊಲೆಗೆ ಅವ್ವನ ಹಳೆಯ ಸೀರೆ ಕಟ್ಟಿ ಮಾಡಿದ ಜೋಳಿಗೆಯಲ್ಲಿ ಹತ್ತು ತಿಂಗಳಿನ ನನ್ನ ತಮ್ಮ ಮಲಗುತ್ತಿದ್ದ, ಮಲಗುವ ಮನಸ್ಸಾದರೆ. ಆ ಖೋಲಿಯ ಒಂದು ಗೋಡೆ ಪಕ್ಕದ ಮನೆಯದೂ ಆಗಿತ್ತು. ಅವರು ಮೆಣಸಿನಕಾಯಿ ಕುಟ್ಟಿದರೆ ನಾವು ಸೀನುತ್ತಿದ್ದೆವು. ನಮ್ಮಲ್ಲಿ ಜಗಳವಾದರೆ ಅವರು ಉಣ್ಣುವುದು ನಿಲ್ಲಿಸಿ ಕೇಳುತ್ತಿದ್ದರು. ಅಪ್ಪ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹಂಗಾಮಿನ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ಅವ್ವ ಬೇಳೆ ಗಿರಣಿಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಬೇಸಿಗೆಯಾದ್ದರಿಂದ ನನಗೆ ಬೆಳಗಿನ ಶಾಲೆ. ಬಂದು ಪಾಟಿಚೀಲ ಇಡುವಷ್ಟರಲ್ಲಿ ಆಯಿ ಕೂಸನ್ನು ನನ್ನ ಟೊಂಕಕ್ಕೇರಿಸಿ, ಉಸ್ಸೆಂದು ಪಡಸಾಲೆಯಲ್ಲಿ ಉರುಳುತ್ತಿದ್ದಳು. ಆಕೆಗೆ ದಮ್ಮು. ನಾಲ್ಕು ಮಾತಾಡಿದರೆ ಎದೆ ಸೀಟಿ ಹೊಡೆಯುತ್ತಿತ್ತು, ಹಾಡುವುದಂತೂ ದೂರವೇ ಉಳಿಯಿತು. ಬೈಯುವುದಕ್ಕೆ ಮಾತ್ರ ಉಸಿರು ಎಲ್ಲಿಂದಲೋ ಬರುತ್ತಿತ್ತು.

ನನಗೂ ತಮ್ಮನಿಗೂ ನಡುವೆ ಎರಡು ಗಂಡು ಕೂಸು ಹುಟ್ಟಿ ಹೋಗಿದ್ದವು. ಎರಡೂ ಮಲಗಿದವು ಏಳಲೇ ಇಲ್ಲವೆಂದು ಆಯಿ ಹೇಳುತ್ತಿದ್ದಳು. ಅದಕ್ಕೇ ಇವನು ಹುಟ್ಟಿದಾಗ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಳಿಸಿ, ಓಣಿಯ ಮುದುಕಿಯೊಬ್ಬಳ ಕೈಯಿಂದ ಎತ್ತಿಸಿ, ಮೊರದ ತುಂಬ ಜೋಳ ಕೊಟ್ಟು ಅವಳಿಂದ ಅವನನ್ನು ನಾವು ಕೊಂಡುಕೊಂಡೆವು. ಹೆಸರು ತಿಪ್ಪಣ್ಣ, ಕರೆಯುವುದು ತಿಪ್ಪ್ಯಾ ಎಂದು. ತಿಪ್ಪೆಯ ಮೇಲಿನ ಕಸವೆಂದು ತಿಳಿದು ಸಾವು ಇವನನ್ನು ದಾಟಿ ಹೋಗಲಿ ಎಂಬ ಯುಕ್ತಿ. ಅವನಿಗೆ ಹೊಸ ಅಂಗಿ ಹೊಲಿಸುವಂತಿಲ್ಲ. ಬಂದವರು ಅವನನ್ನು ಚೆಂದ ಅನ್ನುವಂತಿಲ್ಲ. ಅಂದರೆ ಆಯಿ ಅವರ ಮುಖಕ್ಕೇ “ಎಲ್ಲೀ ಚೆಂದ, ಮಂಗ್ಯಾನಂಗ ಅದಾನ” ಎಂದುಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಸಾವೆನ್ನುವುದು ಬಾಗಿಲ ಸಂದಿಗೆ ಕಿವಿಯಿಟ್ಟು ನಿಂತ ಮನುಷ್ಯನ ಹಾಗಿತ್ತು. ಅವನಿಗೆ ಕೇಳುವಂತೆ ಕೂಸನ್ನು ಹೊಗಳಬಾರದು.

ಈಗ ನೀವೇ ಹೇಳಿ, ಕೂಸನ್ನು ಹೊಗಳದ ಜೋಗುಳ ಯಾವ ಊರಲ್ಲಿದೆ? ಹೆಸರಿಡುವ ದಿನ ಹೆಂಗಸರು ಹಾಡಿದ್ದರಲ್ಲಿ ಒಂದೆರಡು ಸಾಲು ನನಗೆ ಬಾಯಿಗೆ ಬರುತ್ತಿತ್ತು. ಮೊದಲ ದಿನವೇ ಅದನ್ನು ಎತ್ತಿಕೊಂಡೆ. ಪಡಸಾಲೆಯಿಂದ ಸಿಡಿಲೆರಗಿತು.

“ಏ ಪೋರಿ! ಚಿನ್ನ ಅನ್ನಾಕತ್ತೀಯೇನು? ಚಿನ್ನ ಐತಿ ಅಂತ ಡಂಗುರ ಹೊಡದ್ರ ಕಳ್ಳರು ಬರಲಾರದ ಇರ್ತಾರೇನು?”

“ಮತ್ತೇನ ಅನ್ಲಿ ಆಯಿ?”

“ಏನರೆ ಅನ್ನು. ಬಂಗಾರ ಬ್ಯಾಡ, ಮುತ್ತು ಬ್ಯಾಡ, ಚಂದ್ರ ಬ್ಯಾಡ, ರಾಜ ಅಂತೂ ಬ್ಯಾಡೇ ಬ್ಯಾಡ. ದೇವರ ಹೆಸರೂ ಬ್ಯಾಡ. ನೆನೆಸಿಕೊಂಡಾರಂತ ಕರಕೊಂಡುಬಿಟ್ರ?”

ಎದುರು ಮನೆಯ ಚಾಂದಬಿ ಮೌಸಿ ತನ್ನ ಮಕ್ಕಳಿಗೆ ಹಾಡುವ ಹಾಡನ್ನು ಕಲಿಸಿದಳು. ಅದರಲ್ಲಿ ಕೂಸು ಶಹಜಾದಾ, ಎಂದರೆ ರಾಜಕುಮಾರ ಆಗಿದ್ದ. ಆಯಿಗೆ ಉರ್ದು ಚೆನ್ನಾಗಿಯೇ ತಿಳಿಯುತ್ತಿತ್ತು, ಅದೂ ರದ್ದಾಯಿತು. ಶಾಲೆಯ ಮಗ್ಗಿ ಹಾಡಿದೆ. ಎರಡರಿಂದ ಹತ್ತರವರೆಗೆ ಮುಗಿಸಿದರೂ ತಿಪ್ಪ್ಯಾ ಕಣ್ಣು ಪಿಳಿಪಿಳಿ ಬಿಡುತ್ತ, ಹನ್ನೊಂದರದು ಎಲ್ಲಿ ಎನ್ನುವಂತೆ ನೋಡುತ್ತಿದ್ದ. ತರಕಾರಿ ಮಾರುವವನ ಕೂಗನ್ನೇ ರಾಗವಾಗಿ ಎಳೆದೆ, ಬದನೆಕಾಯಿಗೂ ಅವನು ಸೋಲಲಿಲ್ಲ. ನಿದ್ದೆ ಬಂದು ಕಣ್ಣು ತಿಕ್ಕುತ್ತಿದ್ದ, ಆದರೂ ಕಿರುಚುತ್ತಿದ್ದ. ಜೋಳಿಗೆ ತೂಗಿ ತೂಗಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ ಆಟವಿಲ್ಲ, ನೆರಳಿಲ್ಲ, ಹೊರಗೆ ಕಲ್ಲು ಸಿಡಿಯುವ ಬಿಸಿಲು, ಒಳಗೆ ಇವನ ಕಿರುಚಾಟ. ಸುಳ್ಳೇಕೆ ಹೇಳಲಿ, ಕೆಲವೊಮ್ಮೆ ಅವನ ಮೇಲೆ ಭಾರಿ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಗೋಡೆಯಾಚೆಯ ಮನೆಯ ಗುರಪ್ಪ ನಿದ್ದೆಯಲ್ಲೇ ತೀರಿಕೊಂಡ. ತುಂಬು ವಯಸ್ಸಿನ ಮುದುಕ. ಅವನ ಮಗಳು ಕಾಶಮ್ಮ ಬೇಮಳಖೇಡದಿಂದ ಬಂದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಬರೇ ಅಳುವುದಿಲ್ಲ, ಹಾಡಿ ಅಳುತ್ತಾರೆ. ಮಣ್ಣು ಮಾಡಿ ಬಂದ ಮೇಲೂ ಅದು ಮುಗಿಯುವುದಿಲ್ಲ. ದೂರದ ನೆಂಟರು ಬುತ್ತಿ ಕಟ್ಟಿಕೊಂಡು ದಿನಕ್ಕೊಬ್ಬರಂತೆ ಬರುತ್ತಾರೆ; ಬಂದವರ ಕೊರಳಿಗೆ ಬಿದ್ದು ಮತ್ತೆ ಮೊದಲಿನಿಂದ ಹಾಡು ಏಳುತ್ತದೆ. ಕಾಶಮ್ಮನದು ದಪ್ಪ, ಒದ್ದೆಯಾದ ದನಿ. ಅವಳು ತನ್ನ ಅಪ್ಪನನ್ನು ಹೊಗಳಲಿಲ್ಲ. ಬೈಯುತ್ತಿದ್ದಳು.

“ಯಾಕ ಮಲಗಿದ್ಯೋ ಹಟಮಾರಿ, ಕರದರ ಓ ಅನ್ನವಲ್ಲಿ…
ಬಿಸಿರೊಟ್ಟಿ ತಣ್ಣಗಾದ್ವೋ ಕಲ್ಲೆದಿಯವನೇ, ಕಣ್ಣು ತೆರಿಯವಲ್ಲಿ…”

ಆ ಸಾಲುಗಳು ಗೋಡೆಯೊಳಗಿಂದ ಬರುತ್ತಿದ್ದವು. ಮೊದಲ ಮಧ್ಯಾಹ್ನ ನಾನು ಜೋಳಿಗೆಯ ಹಗ್ಗ ಹಿಡಿದು ನಿಂತಿದ್ದೆ. ಕಿರುಚುತ್ತಿದ್ದ ತಿಪ್ಪ್ಯಾ ನಡುವೆಯೇ ನಿಲ್ಲಿಸಿ ಗೋಡೆಯ ಕಡೆ ಕತ್ತು ತಿರುಗಿಸಿದ. ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಕಣ್ಣು ಮುಚ್ಚಿದವನು ಹೊತ್ತು ಇಳಿಯುವವರೆಗೂ ಏಳಲಿಲ್ಲ. ಐದು ದಿನ ಹೀಗೇ ನಡೆಯಿತು. ಆರನೆಯ ದಿನ ನೆಂಟರು ನಿಂತರು, ಕಾಶಮ್ಮ ಬೇಮಳಖೇಡದ ಬಸ್ಸು ಹತ್ತಿದಳು, ಇವನು ಮತ್ತೆ ಬಾಯಿ ತೆರೆದ. ನಾನು ಯೋಚನೆ ಮಾಡಿದೆ. ಈ ಹಾಡಿನಲ್ಲಿ ಚಿನ್ನವಿಲ್ಲ, ಚಂದ್ರನಿಲ್ಲ, ರಾಜನಂತೂ ಇಲ್ಲವೇ ಇಲ್ಲ. ಹಟಮಾರಿ, ಕಲ್ಲೆದೆಯವನು, ಬರೀ ಬೈಗುಳ. ಬಾಗಿಲ ಸಂದಿಯಲ್ಲಿ ನಿಂತವನು ಕೇಳಿಸಿಕೊಂಡರೂ, ಇಂಥ ಕೆಟ್ಟ ಕೂಸು ನನಗೆ ಬೇಡ ಎಂದು ಹೋಗುತ್ತಾನೆ. ಆಯಿಯ ಕಾಯಿದೆಗೆ ಸರಿಯಾಗಿ ಹೊಂದುವ ಹಾಡು ಇಡೀ ಕಲ್ಯಾಣದಲ್ಲಿ ಇದೊಂದೇ. ಸತ್ತವರಿಗೆ ಹಾಡುವುದೆಂದು ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಗೊತ್ತಿತ್ತು. ಆದರೆ ಅದು ಅವರ ಮನೆಯ ಸಾವು. ಗೋಡೆ ದಾಟಿ ಬಂದ ಮೇಲೆ ಹಾಡು ನಮ್ಮದೆಂದೇ ನಾನು ತಿಳಿದೆ. ಮೆಲ್ಲಗೆ, ಕಾಶಮ್ಮನ ಹಾಗೆಯೇ ಕೊನೆಯನ್ನು ಎಳೆದು ಹಾಡಿದೆ. ತಿಪ್ಪ್ಯಾ ಮಲಗಿದ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಹಾಡುತ್ತ ತೂಗುತ್ತಿದ್ದಾಗ ಬೆನ್ನ ಹಿಂದೆ ಸೀಟಿಯಂಥ ಉಸಿರು ಕೇಳಿಸಿತು. ನೀರಿಗೆಂದು ಎದ್ದ ಆಯಿ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ಅದೇ ಮೊದಲ ಸಲ ಅವಳಿಗೆ ಬೈಯುವುದಕ್ಕೂ ಉಸಿರು ಸಾಲದೆ ಹೋದದ್ದು. ತಂಬಿಗೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಬಂದು, ಜೋಳಿಗೆಯೊಳಗೆ ಕೈ ಹಾಕಿ ಕೂಸಿನ ಎದೆ ಮುಟ್ಟಿ ನೋಡಿದಳು.

“ಎಷ್ಟು ದಿನ ಆತು ಇದನ್ನ ಹಾಡಾಕತ್ತು?”

“ಒಂದು… ಎಂಟು ದಿನ.”

“ಖೋಡಿ! ಆ ಹಾಡು ಕೇಳಿ ಮಲಗಿದೋರು ಇವತ್ತಿನ ತನಕ ಯಾರೂ ಎದ್ದಿಲ್ಲ.”

ಇಷ್ಟು ಹೇಳಿ ಅವಳು ಕಲ್ಲುಪ್ಪು ಹಿಡಿದು ಕೂಸಿಗೆ ಮೂರು ಸಲ ಇಳಿಸಿ ಒಲೆಗೆ ಹಾಕಿದಳು. ಉಪ್ಪು ಚಟಚಟ ಸಿಡಿಯಿತು. ಆಮೇಲೆ ನನ್ನ ಗದ್ದ ಹಿಡಿದೆತ್ತಿ, “ನಿಮ್ಮವ್ವಗ ತುಟಿ ಬಿಚ್ಚೀದಿ ಜ್ವಾಕಿ. ಎರಡು ಕಳಕೊಂಡಾಕಿ, ಎದಿ ಒಡದು ಸತ್ತ ಹೋಗ್ತಾಳ” ಎಂದಳು. ಈಗ ಕೂಸಿನ ಸಾವೂ ನನ್ನ ತಲೆಗೆ, ಅವ್ವನ ಸಾವೂ ನನ್ನ ತಲೆಗೆ. ಅವತ್ತು ತಿಪ್ಪ್ಯಾ ಎದ್ದ, ಎದ್ದು ರೊಟ್ಟಿ ನೆನೆಸಿದ ಹಾಲು ಉಂಡ. ಆದರೆ ಮರುದಿನ ನಾನು ಶಾಲೆಯಿಂದ ಬರುವಾಗ ಅವನ ಮೈ ಕೆಂಡವಾಗಿತ್ತು.

ಜ್ವರಕ್ಕೆ ಆಯಿ ಅಂಗಾಲಿಗೆ ಈರುಳ್ಳಿ ತಿಕ್ಕಿದಳು. ನಾನು ಮೂಲೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಮೊದಲಿನ ತಮ್ಮಂದಿರು ಇಬ್ಬರೂ ಮಲಗಿದ್ದಾಗಲೇ ಹೋದದ್ದು. ಗುರಪ್ಪನೂ ಮಲಗಿದ್ದಾಗಲೇ ಹೋದದ್ದು. ಮಲಗಿದರೆ ತಾನೇ ಏಳದೆ ಹೋಗುವುದು? ಇವನು ಮಲಗದಿದ್ದರೆ? ಅವನ ರೆಪ್ಪೆ ಬಾಡಿದಂತೆ ಜೋಲುತ್ತಿತ್ತು. ಆಯಿ ಆಚೆ ತಿರುಗಿದಾಗ ಅಂಗಿಯೊಳಗೆ ಕೈ ಹಾಕಿ ರಟ್ಟೆಯ ಹತ್ತಿರ ಚಿವುಟಿದೆ. ಚೀರಿ ಎದ್ದ. ಚೀರಿದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಮುಂದಿನ ಮೂರು ದಿನ ಅದೇ ನನ್ನ ಕೆಲಸ. ಶಾಲೆಗೆ ಹೋಗಲಿಲ್ಲ, ಹೊಟ್ಟೆನೋವೆಂದೆ. ಕೂಸಿಗೆ ಹುಷಾರಿಲ್ಲವೆಂದು ಅವ್ವ ಗಿರಣಿಗೆ ರಜೆ ಹಾಕಿದಳು. ಅವಳು ತೊಡೆಯ ಮೇಲೆ ಹಾಕಿಕೊಂಡು ತಟ್ಟುವಳು, ಕಣ್ಣು ಮುಚ್ಚಿ ಬರುವುದು, ನಾನು ಮುದ್ದು ಮಾಡುವವಳ ಹಾಗೆ ಬಗ್ಗಿ ಚಿವುಟುವೆನು. ತೋಳು ಆದ ಮೇಲೆ ತೊಡೆ, ತೊಡೆ ಆದ ಮೇಲೆ ಬೆನ್ನು. ರಾತ್ರಿ ಅವನ ಪಕ್ಕಕ್ಕೇ ಮಲಗುತ್ತಿದ್ದೆ, ಅಲ್ಲೂ ಬಿಡಲಿಲ್ಲ. ಅವನನ್ನು ಬದುಕಿಸುತ್ತಿದ್ದೇನೆ ಎಂದೇ ನನ್ನ ನಂಬಿಕೆ. ಮೂರನೆಯ ದಿನ ಮೈ ಒರೆಸುವಾಗ ನೀಲಿ ಕಲೆಗಳು ಅವ್ವನ ಕಣ್ಣಿಗೆ ಬಿದ್ದವು.

“ಅತ್ತಿ, ಇವೇನ್ರೀ ಕೂಸಿನ ಮೈಮ್ಯಾಲ?”

“ಗಾಳಿ ಮುಟ್ಟೇದ. ತಾಯತ ಕಟ್ಟಸಬೇಕು” ಎಂದಳು ಆಯಿ, ನನ್ನನ್ನು ನೋಡುತ್ತ. ಅವಳ ಕಣ್ಣಲ್ಲಿ ನನಗಿಂತ ಹೆಚ್ಚು ಭಯವಿತ್ತು. ಕಾಶಮ್ಮನ ಹಾಡಿಗೆ ಓಗೊಟ್ಟು ಯಾರೋ ಬಂದು ಕೂಸನ್ನು ಎಳೆಯುತ್ತಿದ್ದಾರೆಂದು ಅವಳು ಖಂಡಿತವಾಗಿ ತಿಳಿದಿದ್ದಳು. ಅವ್ವ ತಾಯತಕ್ಕೆ ಕಾಯಲಿಲ್ಲ. ಹುಮನಾಬಾದಿನಲ್ಲಿ ಮಕ್ಕಳನ್ನು ನೋಡುವ ಡಾಕ್ಟರಬಾಯಿ ಇದ್ದಾಳೆಂದು ಗಿರಣಿಯ ಹೆಂಗಸರು ಹೇಳಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಳು. ನಾನೂ ಬರುತ್ತೇನೆಂದು ಹೊಸ್ತಿಲಿಗೆ ಅಡ್ಡ ಬಿದ್ದು ಅತ್ತೆ. ನಾನಿಲ್ಲದಿದ್ದರೆ ದಾರಿಯಲ್ಲಿ ಅವನನ್ನು ಎಚ್ಚರವಿಡುವವರು ಯಾರು?

ಬಸ್ಸಿನ ಅಲುಗಾಟಕ್ಕೆ ಎಂಥವರಿಗೂ ನಿದ್ದೆ ಬರುತ್ತದೆ. ಅವ್ವನೇ ಕಿಟಕಿಗೆ ತಲೆಯಿಟ್ಟು ತೂಕಡಿಸಿದಳು. ನಾನು ಮಾತ್ರ ತಿಪ್ಪ್ಯಾನ ಕಣ್ಣುಗಳನ್ನು ಕಾಯುತ್ತಿದ್ದೆ. ಹುಮನಾಬಾದು ಬರುವಷ್ಟರಲ್ಲಿ ಅವನಿಗೆ ಚೀರುವ ಶಕ್ತಿಯೂ ಉಳಿದಿರಲಿಲ್ಲ. ಚಿವುಟಿದರೆ ತುಟಿ ಮಾತ್ರ ಅಲುಗುತ್ತಿತ್ತು. ಮಾಣಿಕನಗರದ ದಾರಿಯಲ್ಲಿದ್ದ ದವಾಖಾನೆಯವರೆಗೆ ಅವ್ವ ಓಡಿದಳು, ನಾನು ಅವಳ ಸೆರಗು ಹಿಡಿದು ಓಡಿದೆ. ಡಾಕ್ಟರಬಾಯಿ ನರೆಗೂದಲಿನ ಗಂಭೀರ ಹೆಂಗಸು. ಅಂಗಿ ಬಿಚ್ಚಿಸಿ, ಕೂಸನ್ನು ಹೊರಳಿಸಿ ನೋಡಿದವಳು ತಟ್ಟನೆ ನಿಂತಳು.

“ಇವು ಏನು?”

“ಗಾಳಿ ಮುಟ್ಟೇದ ಅಂತಾರ್ರೀ ಬಾಯಿ.”

“ಗಾಳಿಗೆ ಉಗುರು ಇರ್ತಾವೇನವ್ವ? ಯಾರೋ ಚಿವುಟ್ಯಾರ. ಒಂದು ಸಲ ಅಲ್ಲ, ಹತ್ತಾರು ಸಲ. ಕೂಸು ಯಾರ ಕೈಯಾಗ ಇರ್ತದ?”

“ನನ್ನ ಕೈಯಾಗೇ ಅದ ರೀ, ಮೂರು ದಿನದಿಂದ.”

“ಹಂಗಂದ್ರ ಸಿಟ್ಟು ಬಂದಾಗ ನೀನೇ…”

ಅವ್ವ ತನ್ನ ಎರಡೂ ಕೈಗಳನ್ನು ಮೇಲೆತ್ತಿ ಉಗುರುಗಳನ್ನು ನೋಡಿಕೊಂಡಳು. ನಿದ್ದೆಗೆಟ್ಟ ಮಂಪರಿನಲ್ಲಿ ತಾನೇ ಹೀಗೆ ಮಾಡಿದೆನೋ, ಮೊದಲಿನ ಎರಡು ಕೂಸುಗಳಿಗೂ ತಾನೇ ಏನಾದರೂ ಮಾಡಿದ್ದೆನೋ ಎಂದು ಅವಳು ತನ್ನನ್ನೇ ಅನುಮಾನಿಸಿದಳೆಂಬುದು ನನಗೆ ಆಗಲೇ ತಿಳಿಯಿತು. ಆ ಮುಖವನ್ನು ನೋಡಲಾಗಲಿಲ್ಲ.

“ನಾನ್ರೀ” ಎಂದೆ. “ನಾನೇ ಚಿವುಟೀನಿ. ಮಲಗಿದ್ರ ಸಾಯ್ತಾನಂತ.”

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಾಶಮ್ಮ, ಗೋಡೆ, ಎಂಟು ದಿನ, ಆಯಿಯ ಮಾತು. ಡಾಕ್ಟರಬಾಯಿ ನಗಲಿಲ್ಲ. ಸಣ್ಣ ಬ್ಯಾಟರಿ ಹಿಡಿದು ಕೂಸಿನ ಕಿವಿಯೊಳಗೆ ನೋಡಿದಳು.

“ಕಿವಿಯಾಗ ಕೀವು ಆಗ್ಯದ, ಜ್ವರ ಅದಕ್ಕ. ಔಷಧಕ್ಕ ಇಳೀತದ. ಆದ್ರ ನಿದ್ದಿ ಇಲ್ಲದ ಇದರ ಜೀವ ಸೋತದ. ಹೊರಗ ಬೆಂಚಿನ ಮ್ಯಾಲ ಕೂತು ಮೊದಲು ಮಲಗಸ್ರಿ. ಎದ್ದ ಮ್ಯಾಲ ಇನ್ನೊಮ್ಮೆ ನೋಡಿ ಕಳಸ್ತೀನಿ.”

ಅವ್ವ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಹೊರಗಿನ ಬೆಂಚಿನ ಮೇಲೆ ಕುಳಿತು ಅವನಿಗೆ ಔಷಧ ಕುಡಿಸಿ ತಟ್ಟತೊಡಗಿದಳು. ಅವನ ಕಣ್ಣು ಮುಚ್ಚುತ್ತಿತ್ತು, ಮುಚ್ಚಿದ ಕೂಡಲೇ ಯಾರೂ ಮುಟ್ಟದೆಯೂ ಮೈ ಝಲ್ಲೆಂದು ಬೆಚ್ಚಿ ತೆರೆಯುತ್ತಿತ್ತು. ಹಾಡಿ ನೋಡಿದಳು, ಎದ್ದು ಓಡಾಡಿದಳು, ಕೊನೆಗೆ ಸೋತು ಕುಳಿತಳು.

“ಜಗದೇವಿ, ನೀ ಹಾಡು.”

“ಯಾವುದು?”

“ಕಾಶಮ್ಮಂದೇ.”

“ಒಲ್ಲೆ ಅವ್ವಾ. ಏಳಲಿಲ್ಲಂದ್ರ?”

“ಹಾಡಿಗೆ ಜೀವ ತಗೊ ತಾಕತ್ತು ಇದ್ರ ಕಾಶಮ್ಮ ಇಷ್ಟೊತ್ತಿಗೆ ಅರ್ಧ ಬೇಮಳಖೇಡ ಖಾಲಿ ಮಾಡಿರ್ತಿದ್ಲು. ಹಾಡು.”

ಬಾಯಿ ಹೀಗೆ ಚೇಷ್ಟೆ ಮಾಡುತ್ತಿತ್ತು, ಆದರೆ ನನ್ನ ಮಣಿಕಟ್ಟು ಹಿಡಿದಿದ್ದ ಅವಳ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಎರಡು ಸಲ ತನ್ನ ಕೈಯಾರೆ ಮಲಗಿಸಿ, ಎರಡು ಸಲ ಎಬ್ಬಿಸಲಾಗದೆ ಹೋದವಳು ಅವಳು. ನಾನು ಹಾಡಿದೆ. ದನಿ ಒಡೆದು ಒಡೆದು ಬಂತು. ಎದುರು ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಹಾಡನ್ನು ಗುರುತಿಸಿ, ತನ್ನ ಮಗುವಿನ ಕಿವಿಯನ್ನು ಸೆರಗಿನಿಂದ ಮುಚ್ಚಿಕೊಂಡು ಎದ್ದು ದೂರ ಹೋಗಿ ನಿಂತಳು. ಅವ್ವ ಅತ್ತ ತಿರುಗಲಿಲ್ಲ. ನಾಲ್ಕನೆಯ ಸಾಲಿಗೆ ತಿಪ್ಪ್ಯಾನ ಕಣ್ಣು ಮುಚ್ಚಿತು, ಈ ಸಲ ಬೆಚ್ಚಲಿಲ್ಲ, ಬಾಯಿ ಅರೆ ತೆರೆಯಿತು. ನಾನೂ ಅವ್ವನೂ ಅವನ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ ಕುಳಿತೆವು. ಒಮ್ಮೆ ಇಳಿದದ್ದು ಏರಲು ತಡವಾದರೆ ಅವ್ವನ ಉಸಿರೂ ನಿಲ್ಲುತ್ತಿತ್ತು. ಬಿಸಿಲು ಬೆಂಚಿನ ಕಾಲಿನಿಂದ ನಮ್ಮ ಕಾಲಿಗೆ ಬಂತು, ಮೊಣಕಾಲಿಗೆ ಬಂತು. ನೀರು ಕುಡಿಯಬೇಕೆಂದು ಇಬ್ಬರಿಗೂ ಅನಿಸಲಿಲ್ಲ.

ಹತ್ತಿರದ ಮಸೀದಿಯಲ್ಲಿ ಬಾಂಗ್ ಆಗುವಾಗ ಅವನು ಕಾಲು ಝಾಡಿಸಿದ. ಆಮೇಲೆ ಆಕಳಿಸಿ, ಕಣ್ಣು ತೆರೆದ. ಮೈ ಬೆವರಿ ತಣ್ಣಗಾಗಿತ್ತು.

“ಎದ್ದ! ಎದ್ದ ನೋಡಽ!” ಅವ್ವ ದವಾಖಾನೆ ಎನ್ನುವುದನ್ನೂ ಮರೆತು ಕೂಗಿದಳು. ಅವಳ ಕಣ್ಣೀರು ಅವನ ಮುಖದ ಮೇಲೆ ಟಪಟಪ ಬಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವನ ಕೆನ್ನೆ ಮುಟ್ಟಬೇಕೆಂದು ಕೈ ಚಾಚಿದೆ.

ತಿಪ್ಪ್ಯಾ ನನ್ನ ಮುಖ ನೋಡಲಿಲ್ಲ. ಬರುತ್ತಿದ್ದ ಕೈಯನ್ನು ನೋಡಿದ. ತುಟಿ ಹೊರಳಿತು. ಎರಡೂ ತೋಳುಗಳನ್ನು ಎದೆಗೆ ಅವಚಿಕೊಂಡು ಅವ್ವನ ಸೆರಗಿನೊಳಗೆ ತಲೆ ತೂರಿಸಿದ. ಅವ್ವ ಅವನ ಬೆನ್ನು ಸವರುತ್ತ, ಯಾರೋ ಹೊಸಬರ ಗುರುತು ಮಾಡಿಕೊಡುವವಳ ಹಾಗೆ ಹೇಳಿದಳು:

“ಅಂಜಬ್ಯಾಡಪ್ಪ, ಅಂಜಬ್ಯಾಡ. ಅಕ್ಕ ಇಕಿ.”